ಚಳಿಯಲ್ಲ, ಗಾಳಿ

ಪೆರಾಬೆ, ಕುಂತೂರು, ಆಲಂಕಾರು ಕಡೆ ಸ್ಟಾರ್ಟಿಂಗ್ ತೊಂದರೆ ಇರುವ ಹಳೆಯ ಗಾಡಿಯನ್ನು ಗುರುತಿಸಲು ಬಾನೆಟ್ ಎತ್ತಬೇಕಾಗಿಲ್ಲ. ಮನೆಗೆ ವಿಶಾಲವಾದ ಅಂಗಳವಿದ್ದರೂ ಗಾಡಿ ಅಲ್ಲಿರುವುದಿಲ್ಲ. ದರೆಯ ಬದಿಯ ಮಣ್ಣುದಾರಿಯಲ್ಲಿ, ರಸ್ತೆಗೆ ಇಳಿಯುವ ಜಾಗ ನೋಡಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿರುತ್ತಾರೆ. ಮುಂದಿನ ಚಕ್ರದ ಎದುರು ಒಂದು ಮುರಕಲ್ಲಿನ ತುಂಡು. ಬೆಳಗ್ಗೆ ಸೆಲ್ಫ್ ಹೊಡೆದು ನೋಡುವುದು; ಆಗದಿದ್ದರೆ ಕಲ್ಲು ತೆಗೆದು, ಉರುಳಲು ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಡುವುದು. ಎಲ್ಲಿ ನೋಡಿದರೂ ಗುಡ್ಡ, ಬೈಲು, ಪದವು ಇರುವ ಊರಿನಲ್ಲಿ ಇಳಿಜಾರಿಗೆ ಬರ ಇಲ್ಲ. ಹಾಗಾಗಿ ವರ್ಷಗಟ್ಟಲೆ ಈ ವ್ಯವಸ್ಥೆಯಲ್ಲೇ ಅಡಿಕೆ, ರಬ್ಬರ್ ಶೀಟ್, ಬಾಳೆಗೊನೆ, ಹಟ್ಟಿಗೊಬ್ಬರ ಎಲ್ಲ ಸಾಗುತ್ತದೆ.

ಒಂದು ದಿನ ಇಳಿಜಾರೂ ಕೈಕೊಡುತ್ತದೆ. ಆಗ ಗ್ಯಾರೇಜಿನ ಮುಂದೆ ನಡೆಯುವ ಮಾತು ಹೆಚ್ಚು ಕಡಿಮೆ ಒಂದೇ ಥರ. “ಬೆಳಗ್ಗೆ ಒಮ್ಮೆ ಸ್ಟಾರ್ಟ್ ಆಗ್ತದೆ, ನಾಲ್ಕು ಸಲ ಗುರ್ ಅಂತದೆ, ಮತ್ತೆ ಬಂದ್. ಬಿಸಿ ಆದ ಮೇಲೆ ಎಂತದೂ ಇಲ್ಲ. ಚಳಿಗೆ ಹೀಗಾಗುವುದು.” ಫಿಟ್ಟರಿಗೆ ಕೆಲಸದ ಗಡಿಬಿಡಿ. “ಎಂಜಿನ್ ಹಳತಾಯ್ತಲ್ಲ ಮಾರಾಯ್ರೆ, ಬೇರೆ ಒಂದು ಕೂರಿಸುವ. ನೀವು ‘ಹ್ಞೂಂ’ ಅನ್ನಿ ಸಾಕು.” ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಚಳಿ ಮತ್ತು ವಯಸ್ಸು ಎಂಬ ಎರಡು ಕಾರಣ ಸಿಕ್ಕಿಬಿಟ್ಟರೆ ಮೂರನೆಯದನ್ನು ಹುಡುಕುವ ಗೋಜು ಯಾರಿಗೂ ಬೇಡ. ಖರ್ಚು ದೊಡ್ಡದಾಗುವುದು ಅಲ್ಲಿಂದಲೇ.

ಮೊದಲು ಚಳಿಯ ವಿಚಾರ ಮುಗಿಸೋಣ. ಕಡಬ ತಾಲೂಕಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 18 ಡಿಗ್ರಿಗೆ ಇಳಿದರೆ ಜನ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಡೀಸೆಲ್ಲಿಗೆ ಅದು ಚಳಿಯೇ ಅಲ್ಲ. ನಮ್ಮ ದೇಶದ ಡೀಸೆಲ್ ಮಾನದಂಡದ ಪ್ರಕಾರ ಚಳಿಗಾಲದಲ್ಲಿ ಮಾರುವ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನಲ್ಲಿ ಕಟ್ಟಿಕೊಳ್ಳದೆ ಹರಿಯಬೇಕು. ಡೀಸೆಲ್ ಗಟ್ಟಿಯಾಗುವ ಕಷ್ಟ ಲಡಾಖಿನದು. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ಬಿಟ್ಟಿತು. ಕುಮಾರಧಾರಾ ದಂಡೆಯಲ್ಲಿ ಆ ನೆಪ ನಡೆಯದು.

ಎಂಜಿನ್ನಿನ ಒಳಗಿನ ಲೆಕ್ಕವನ್ನೂ ನೋಡಿ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಕಾಯುತ್ತದೆ, ಕಾದ ಗಾಳಿಗೆ ನಾಝಲ್ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹದಿನೇಳರಲ್ಲಿ ಒಂದು ಪಾಲಿಗೆ ಅದುಮುವ ಎಂಜಿನ್ ಎಂದಿಟ್ಟುಕೊಳ್ಳಿ. ಹೊರಗೆ 28 ಡಿಗ್ರಿ ಇದ್ದರೆ ಒಳಗಿನ ಗಾಳಿ ಲೆಕ್ಕಕ್ಕೆ ಸುಮಾರು 540 ಡಿಗ್ರಿಗೆ ಏರುತ್ತದೆ. ಹೊರಗೆ 18 ಇದ್ದರೆ ಸುಮಾರು 510. ಹೊರಗಿನ ಹತ್ತು ಡಿಗ್ರಿ ಚಳಿಗೆ ಒಳಗೆ ಕಡಿಮೆಯಾಗುವುದು ಮೂವತ್ತು ಡಿಗ್ರಿಯ ಆಸುಪಾಸು ಮಾತ್ರ. ಡೀಸೆಲ್ ಹೊತ್ತಿಕೊಳ್ಳಲು 250ರ ಆಸುಪಾಸು ಬೇಕು. ತಣ್ಣಗಿನ ಗೋಡೆಗಳು ಒಂದಷ್ಟು ಬಿಸಿ ಹೀರಿಕೊಂಡರೂ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಆದರೆ ರಿಂಗ್ ಸವೆದು ಗಾಳಿ ಕೆಳಗೆ ಸೋರುತ್ತಿದ್ದರೆ, ಸೆಲ್ಫ್ ನಿಧಾನಕ್ಕೆ ತಿರುಗುತ್ತಿದ್ದರೆ ಇದೇ ಅಂಕಿ ನೂರು, ನೂರೈವತ್ತು ಡಿಗ್ರಿ ಕುಸಿಯುತ್ತದೆ. ಅಂದರೆ ನಮ್ಮ ಊರಿನ ಚಳಿ ಯಾವ ಗಟ್ಟಿಮುಟ್ಟಾದ ಎಂಜಿನ್ನನ್ನೂ ನಿಲ್ಲಿಸಲಾರದು. ಬೇರೆಲ್ಲೋ ಇರುವ ದೋಷವನ್ನು ಬೆಳಗ್ಗೆ ಬೆಳಗ್ಗೆ ಎತ್ತಿ ತೋರಿಸುತ್ತದೆ, ಅಷ್ಟೆ.

ಆ ದೋಷ ಎಲ್ಲಿದೆ ಎಂಬುದಕ್ಕೆ ಸೈಲೆನ್ಸರಿನ ಬಾಯಿಯೇ ಮೊದಲ ಸಾಕ್ಷಿ. ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಆದರೆ ಹೊಗೆಯೇ ಇಲ್ಲ ಎಂದರೆ ಒಳಗೆ ಡೀಸೆಲ್ ಹೋಗುತ್ತಿಲ್ಲ. ಕಣ್ಣುರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಕಂಪ್ರೆಶನ್, ಪಂಪಿನ ಟೈಮಿಂಗ್, ಹೀಟರ್ ಇರುವ ಗಾಡಿಯಾದರೆ ಹೀಟರ್, ಈ ಮೂರರ ಕಡೆ ನೋಡಬೇಕು. ಬಿಳಿ ಹೊಗೆ ಗಾಡಿ ಬಿಸಿಯಾದ ಮೇಲೂ ಬಿಡದೆ ರೇಡಿಯೇಟರಿನ ನೀರು ದಿನಾ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿ ಛಾಯೆ ಇದ್ದರೆ ಆಯಿಲ್ ಉರಿಯುತ್ತಿದೆ.

ಸ್ಟಾರ್ಟ್ ಆಗಿ, ಕೆಲವು ಸೆಕೆಂಡು ಸರಿಯಾಗಿಯೇ ಓಡಿ, ಆಮೇಲೆ ಉಸಿರು ಕಟ್ಟಿದಂತೆ ಆಫ್ ಆಗುವುದು ಇದೆಲ್ಲಕ್ಕಿಂತ ಬೇರೆ. ಅದನ್ನು ‘ಸ್ಟಾರ್ಟ್ ಆಗದ ಗಾಡಿ’ಯ ಪಟ್ಟಿಗೆ ಸೇರಿಸಬಾರದು. ಒಮ್ಮೆ ಹತ್ತಿಕೊಂಡಿತು ಎಂದರೆ ಕಂಪ್ರೆಶನ್ ಇದೆ, ನಾಝಲ್ ಕೆಲಸ ಮಾಡುತ್ತಿದೆ, ಟೈಮಿಂಗ್ ತಪ್ಪಿಲ್ಲ. ಪಂಪಿನ ಹೊಟ್ಟೆಯಲ್ಲಿ ರಾತ್ರಿ ಉಳಿದಿದ್ದ ಅಷ್ಟಿಷ್ಟು ಡೀಸೆಲ್ ಉರಿದು ಮುಗಿಯಿತು, ಅದರ ಹಿಂದೆ ಬಂದದ್ದು ಗಾಳಿ. ಗ್ಯಾರೇಜಿನ ಭಾಷೆಯಲ್ಲಿ ‘ಏರ್ ಹಿಡಿದದ್ದು’.

ಗಾಳಿ ಒಳಗೆ ಬರುವುದು ಹೇಗೆ? ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಯಾರೂ ತಳ್ಳುತ್ತಿಲ್ಲ, ಫೀಡ್ ಪಂಪ್ ಎಳೆದುಕೊಳ್ಳುತ್ತದೆ. ಎಳೆಯುವ ಪೈಪಿನಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಹೊರಗಿನ ಗಾಳಿ ಒಳಗೆ ನುಸುಳುತ್ತದೆ. ನೆಲದಲ್ಲಿ ಕಲೆ ಇಲ್ಲ, ಪೈಪು ಒದ್ದೆಯಾಗಿಲ್ಲ, ಆದ್ದರಿಂದ ‘ಲೀಕ್ ಇಲ್ಲ’ ಎಂದು ಎಲ್ಲರೂ ನಂಬುತ್ತಾರೆ. ಹಗಲಿನಲ್ಲಿ ಪಂಪ್ ಎಳೆಯುವ ಭರಕ್ಕೆ ಆ ಚೂರು ಗಾಳಿ ಡೀಸೆಲ್ ಜೊತೆ ಸೇರಿ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಹೋಗಿಬಿಡುತ್ತದೆ. ರಾತ್ರಿ ಎಂಟು ಗಂಟೆ ನಿಂತಾಗ ಮಾತ್ರ ಪೈಪಿನ ಡೀಸೆಲ್ ನಿಧಾನಕ್ಕೆ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ, ಆ ಜಾಗವನ್ನು ಗಾಳಿ ತುಂಬುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸುವ ಅಭ್ಯಾಸ ಕಾಯಿಲೆಯನ್ನು ಮುಚ್ಚಿಡುವುದು ಇಲ್ಲಿಯೇ. ಉರುಳಿಸಿ ಸ್ಟಾರ್ಟ್ ಮಾಡುವ ಅನುಕೂಲ ಕಣ್ಣಿಗೆ ಕಾಣುವಂಥದ್ದು. ಕಾಣದ್ದು ಇನ್ನೊಂದಿದೆ. ಟಾಟಾ 407ನಂಥ ಗಾಡಿಯಲ್ಲಿ ಟ್ಯಾಂಕು ಕ್ಯಾಬಿನ್ನಿನ ಹಿಂದೆ ಚಾಸಿಯ ಬದಿಗೆ ಇರುತ್ತದೆ. ಹತ್ತು ಅಡಿಗೆ ಒಂದಡಿ ಇಳಿಯುವ ದಾರಿಯಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ, ಎಂಜಿನ್ನಿಗಿಂತ ಎರಡು ಮೀಟರ್ ಹಿಂದಿರುವ ಟ್ಯಾಂಕು ಸಮತಟ್ಟಿನಲ್ಲಿ ಇದ್ದುದಕ್ಕಿಂತ ಇಪ್ಪತ್ತು ಸೆಂಟಿಮೀಟರ್ ಎತ್ತರಕ್ಕೆ ಬಂದಂತೆ. ಡೀಸೆಲ್ ಹಿಂದಕ್ಕೆ ಇಳಿಯುವ ಒತ್ತಡ ಅಷ್ಟು ಕಡಿಮೆಯಾಗುತ್ತದೆ; ಟ್ಯಾಂಕ್ ತುಂಬಿದ್ದರೆ ಇಳಿಯುವುದೇ ಇಲ್ಲ. ‘ಟ್ಯಾಂಕ್ ಫುಲ್ ಇದ್ದ ದಿನ ತೊಂದರೆ ಕಡಿಮೆ’ ಎಂದು ಕೆಲವು ಡ್ರೈವರುಗಳು ಹೇಳುವುದು ಮೂಢನಂಬಿಕೆಯಲ್ಲ. ಬೇಕಿದ್ದರೆ ಒಂದು ರಾತ್ರಿ ಗಾಡಿಯನ್ನು ತಿರುಗಿಸಿ, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿ. ಬೆಳಗ್ಗೆ ತೊಂದರೆ ದುಪ್ಪಟ್ಟಾದರೆ ಅಪರಾಧಿ ಪೈಪಿನ ದಾರಿಯಲ್ಲೇ ಇದ್ದಾನೆ. ಏನೂ ವ್ಯತ್ಯಾಸ ಆಗದಿದ್ದರೆ ಹುಡುಕಾಟ ಬೇರೆ ಕಡೆ ಸಾಗಬೇಕು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ಎರಡನೆಯ ಪರೀಕ್ಷೆಗೆ ಐದು ಲೀಟರಿನ ಒಂದು ಕ್ಯಾನು, ಒಂದೆರಡು ಮೀಟರ್ ಪಾರದರ್ಶಕ ಪೈಪು ಬೇಕು. ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಬೇಕು. ಟ್ಯಾಂಕಿನ ಪೈಪನ್ನು ಫೀಡ್ ಪಂಪಿನಿಂದ ಬಿಡಿಸಿ, ಆ ಜಾಗಕ್ಕೆ ಕ್ಯಾನಿನ ಪೈಪು ಹಾಕಬೇಕು. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಸ್ಕ್ರೂ ಬಿಗಿಸಿ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಮೊದಲ ಸೆಲ್ಫಿಗೇ ಹತ್ತಿಕೊಂಡು ಓಡುತ್ತಲೇ ಇದ್ದರೆ ಎಂಜಿನ್ ನಿರಪರಾಧಿ. ಇನ್ನೊಂದು ಲಾಭವೂ ಇದೆ. ಈಗ ಡೀಸೆಲ್ ಮೇಲಿನಿಂದ ಒತ್ತುತ್ತಿರುವುದರಿಂದ ಫೀಡ್ ಪಂಪಿನಿಂದ ಮುಂದೆ ಎಲ್ಲಿ ಗಾಳಿ ನುಸುಳುತ್ತಿತ್ತೋ ಅಲ್ಲಿ ಡೀಸೆಲ್ಲೇ ಹೊರಗೆ ಜಿನುಗುತ್ತದೆ. ಬೆರಳು ಸವರಿದರೆ ಸಾಕು, ಜಾಗ ಸಿಗುತ್ತದೆ.

ಸಾಮಾನ್ಯವಾಗಿ ಸಿಗುವುದು ಏನೆಂದರೆ: ಪೈಪನ್ನು ಫಿಲ್ಟರಿಗೆ ಕಟ್ಟುವ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಶರು. ಎಂಟಾಣೆಯಷ್ಟು ಅಗಲದ ಬಳೆ. ಒಮ್ಮೆ ಬಿಗಿಸಿದಾಗ ಅದು ಅಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಂಡು ಚಪ್ಪಟೆಯಾಗುತ್ತದೆ. ಫಿಲ್ಟರ್ ಬದಲಿಸಿದಾಗಲೆಲ್ಲ ಅದನ್ನೇ ತಿರುಗಿಸಿ ಹಾಕಿದರೆ ಹಳೆಯ ಗೀರು ಹೊಸ ಜಾಗಕ್ಕೆ ಕೂರುವುದಿಲ್ಲ. ಕೂದಲೆಳೆಯ ಆ ಸಂದು ಸಾಕು. ಬಿಡದಿದ್ದರೆ ಇನ್ನಷ್ಟು ಬಿಗಿಸುತ್ತಾರೆ, ಅಲ್ಯೂಮಿನಿಯಮ್ಮಿನ ಫಿಲ್ಟರ್ ತಲೆಯ ಮರೆ (ಥ್ರೆಡ್) ಕಿತ್ತುಬರುತ್ತದೆ. ಮತ್ತೆ ನೋಡಬೇಕಾದವು ಫೀಡ್ ಪಂಪಿನ ಒಳಗಿನ ಚಿಕ್ಕ ವಾಲ್ವು, ಹ್ಯಾಂಡ್ ಪಂಪಿನ ಸೀಲು, ಪಂಪಿನ ಬದಿಯ ಓವರ್‌ಫ್ಲೋ ವಾಲ್ವು, ಟ್ಯಾಂಕಿನೊಳಗಿನ ಸಕ್ಷನ್ ಪೈಪಿನ ತುದಿಯ ಜಾಲರಿ ಮತ್ತು ಹೊರಗಿನಿಂದ ಚೆನ್ನಾಗಿ ಕಾಣುತ್ತ ಮಡಚಿದಾಗ ಬಿರುಕು ಬಾಯಿ ತೆರೆಯುವ ರಬ್ಬರ್ ಪೈಪು. ಎಲ್ಲವನ್ನೂ ಹೊಸದು ಹಾಕಿದರೂ ಒಂದು ಎಂಜಿನ್ನಿನ ಬೆಲೆಯ ಹತ್ತಿರಕ್ಕೂ ಬಾರದು.

ಮಳೆಗಾಲದ್ದು ಇನ್ನೊಂದು ಕಥೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲೇ ನೀರು ತೇಲುವ ಊರು ನಮ್ಮದು. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ರಾತ್ರಿ ತಣ್ಣಗಾಗಿ ಬೆವರುತ್ತದೆ, ನೀರು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಒಡೆದಿದ್ದರೆ ಮಳೆನೀರು ನೇರವಾಗಿಯೇ ಸೇರುತ್ತದೆ. ಬೆಳಗ್ಗೆ ಮೊದಲು ಮೇಲೆ ಬರುವುದು ಆ ತಳದ ನೀರು. ಫಿಲ್ಟರಿನ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಅರ್ಧ ಹಿಡಿದು ಹತ್ತು ನಿಮಿಷ ಇಟ್ಟರೆ ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಪಂಪು, ನಾಝಲುಗಳಿಗೆ ಡೀಸೆಲ್ಲೇ ಎಣ್ಣೆ. ನೀರು ಹೋದರೆ ಸವೆತ ಶುರು. ಹಾಗಾಗಿ ಈ ಪರೀಕ್ಷೆಯನ್ನು ಗಾಡಿ ಸರಿಯಿದ್ದಾಗಲೂ ಮಾಡುವುದು ಲಾಭ.

ಬ್ಯಾಟರಿ, ಸೆಲ್ಫ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಲ್ಫ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ ಒಂಬತ್ತೂವರೆಗಿಂತ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿ ನೋಡಿ. ಬೀಳದೆಯೂ ಸೆಲ್ಫ್ ಎಳೆಯುತ್ತಿಲ್ಲವಾದರೆ ಅರ್ತ್ ವೈರ್ ಚಾಸಿಗೆ ಸೇರುವ ಜಾಗದ ತುಕ್ಕು ನೋಡಿ. ಕರಾವಳಿಯಲ್ಲಿ ತುಕ್ಕು ಎಲ್ಲಿ ಬೇಕಾದರೂ ಹಿಡಿಯುತ್ತದೆ. ಪ್ಯೂಜೋ ಎಂಜಿನ್ನಿನ ಹಳೆ ಜೀಪು ಇಟ್ಟುಕೊಂಡವರಿಗೆ ಇನ್ನೊಂದು ಕೆಲಸ ಇದೆ, ನಾಲ್ಕು ಹೀಟರ್ ಪ್ಲಗ್ಗುಗಳಲ್ಲಿ ಎಷ್ಟು ನಿಜವಾಗಿ ಕಾಯುತ್ತಿವೆ ಎಂದು ಒಂದೊಂದಾಗಿ ಪರೀಕ್ಷಿಸುವುದು.

ಏರ್ ಕ್ಲೀನರಿನ ಬಾಯಿಗೆ ಬೆಂಕಿ ಹಚ್ಚಿದ ಬಟ್ಟೆ ಹಿಡಿಯುವವರು, ಪೆಟ್ರೋಲ್ ಒದ್ದೆಯ ಬಟ್ಟೆ ಹಿಡಿಯುವವರು, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವವರು ಈಗಲೂ ಇದ್ದಾರೆ. ಪೆಟ್ರೋಲ್ ಮತ್ತು ಸ್ಪ್ರೇ ಪಿಸ್ಟನ್ ಮೇಲೆ ತಲುಪುವ ಮೊದಲೇ, ತಪ್ಪು ಹೊತ್ತಿನಲ್ಲಿ ಸಿಡಿಯುತ್ತವೆ. ರಿಂಗ್ ಮುರಿಯಲು, ಪಿಸ್ಟನ್ ಅಂಚು ಒಡೆಯಲು ಅದು ಸಾಕು. ಹೀಟರ್ ಇರುವ ಎಂಜಿನ್ನಿಗೆ ಸ್ಪ್ರೇ ಹೊಡೆಯುವುದಂತೂ ಪಟಾಕಿಗೆ ಕಡ್ಡಿ ಗೀರಿದಂತೆ. ವಾಶರ್ ಬದಲಿಸಿದ್ದರೆ ಮುಗಿಯುತ್ತಿದ್ದ ಗಾಡಿಗೆ ನಿಜವಾಗಿಯೂ ಎಂಜಿನ್ ಕೆಲಸ ಬರುವುದು ಹೀಗೆ.

ಉರುಳಿಸಿ ಸ್ಟಾರ್ಟ್ ಮಾಡುವುದರಲ್ಲಿ ಎಂಜಿನ್ನಿಗಿಂತ ದೊಡ್ಡ ಅಪಾಯ ಮನುಷ್ಯನಿಗೆ. 407ರ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಬರುವುದು ಎಂಜಿನ್ ಓಡಿದರೆ ಮಾತ್ರ. ದೊಡ್ಡ ಲಾರಿಗಳ ಬ್ರೇಕು ಗಾಳಿಯದು. ರಾತ್ರಿ ಟ್ಯಾಂಕಿನ ಗಾಳಿ ಸೋರಿಹೋಗಿದ್ದರೆ ಎಂಜಿನ್ ಓಡಿ ಮತ್ತೆ ತುಂಬುವ ತನಕ ಪೆಡಲ್ ಒತ್ತಿ ಪ್ರಯೋಜನವಿಲ್ಲ. ಲೋಡು ತುಂಬಿದ ಗಾಡಿ ಬ್ರೇಕಿಲ್ಲದೆ ಇಳಿಜಾರಿನಲ್ಲಿ ಹೊರಡುತ್ತದೆ, ಎಂಜಿನ್ ಹತ್ತಿಕೊಳ್ಳದಿದ್ದರೆ ಮುಂದಿನ ತಿರುವಿನಲ್ಲಿ ತೋಡು ಇರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಎಂಜಿನ್ನೇ ಮುಗಿದಿದೆ ಎಂದು ತಿಳಿಯುವ ಸಂದರ್ಭಗಳಿವೆ. ಆಯಿಲ್ ತುಂಬುವ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಉಗಿಬಂಡಿಯಂತೆ ಹೊಗೆ ಎದ್ದರೆ ಗಾಳಿ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ನಾಝಲ್ ಬಿಚ್ಚಿ ಆ ತೂತಿಗೆ ಮೀಟರ್ ಹಾಕಿ ಕಂಪ್ರೆಶನ್ ಅಳೆದರೆ ಅಂಕಿ ಕೈಗೆ ಸಿಗುತ್ತದೆ. ನಾಲ್ಕೂ ಸಿಲಿಂಡರ್ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಒಟ್ಟಾರೆ ಸವೆತ, ಒಂದು ಮಾತ್ರ ಬಿದ್ದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಒಂದು ಸಿಲಿಂಡರಿನ ವಾಲ್ವಿಗೆ ಇಡೀ ಎಂಜಿನ್ ಬದಲಿಸುವುದು ಹಲ್ಲುನೋವಿಗೆ ತಲೆ ಕತ್ತರಿಸಿದ ಹಾಗೆ. ಒಟ್ಟಾರೆ ಸವೆತವಾದರೂ ಸ್ಲೀವ್, ಪಿಸ್ಟನ್, ಬೇರಿಂಗ್ ಹಾಕಿ ಕಟ್ಟುವ ಅವಕಾಶ ಇದೆ. ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಇನ್ನು ಗ್ರೈಂಡ್ ಮಾಡಲಾಗದಷ್ಟು ಸವೆದಿದ್ದರೆ ಮಾತ್ರ ಬೇರೆ ಎಂಜಿನ್ನಿನ ಮಾತು ಎತ್ತಬಹುದು.

ಎಂಜಿನ್ ಬದಲಿಸುವುದು ನಮ್ಮಲ್ಲಿ ಹೊಸ ಹುಚ್ಚೇನೂ ಅಲ್ಲ. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 1932ರಲ್ಲಿ ಫ್ರಾಂಕ್ ಪರ್ಕಿನ್ಸ್ ಶುರು ಮಾಡಿದ ಕಂಪನಿ ಹೆಸರು ಮಾಡಿದ್ದರಲ್ಲಿ ಈ ವ್ಯಾಪಾರದ ಪಾಲು ದೊಡ್ಡದು: ಪೆಟ್ರೋಲ್ ಲಾರಿಗಳಿಗೆ ಹೊಂದುವ ಡೀಸೆಲ್ ಎಂಜಿನ್. ಅದರ ಆರು ಸಿಲಿಂಡರಿನ ಪಿ6 ನಮ್ಮ ದೇಶದ ಎಷ್ಟೋ ಹಳೆ ಡಾಜ್, ಬೆಡ್‌ಫೋರ್ಡ್ ಲಾರಿಗಳ ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಕೂತಿತು. 1954ರಲ್ಲಿ ಟಾಟಾ ಕಂಪನಿ ಡೈಮ್ಲರ್ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಡೀಸೆಲ್ ಲಾರಿಯನ್ನೇ ತಯಾರಿಸತೊಡಗಿದ ಮೇಲೆ ಲಾರಿಗೆ ಆ ಅಗತ್ಯ ಕಡಿಮೆಯಾಯಿತು. 1969ರಲ್ಲಿ ಒಪ್ಪಂದ ಮುಗಿದರೂ ಹಳಬರ ಬಾಯಲ್ಲಿ ಅದು ಬಹಳ ಕಾಲ ‘ಬೆಂಝ್ ಲಾರಿ’ಯೇ. ಮುಂದಿನ ಸರದಿ ಜೀಪಿನದು. ವಿಲ್ಲಿಸ್ ಕಾಲದ 2199 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಮಹೀಂದ್ರ ಜೀಪುಗಳು ಮಲೆನಾಡಿನಲ್ಲೂ ಘಟ್ಟದ ಕೆಳಗೂ ದಶಕಗಳ ಕಾಲ ಜನ, ಸಾಮಾನು ಹೊತ್ತವು.

ಆ ಜೀಪುಗಳು ಕಲಿಸಿದ ಪಾಠ ಒಂದಿದೆ, ಲೆಕ್ಕ ಹಾಕದೆ ಎಂಜಿನ್ ಕೂರಿಸಬಾರದು. ಹಳೆ ಜೀಪಿನ ಎಕ್ಸೆಲ್ ಅನುಪಾತ 5.38, ಟಾಪ್ ಗೇರಿನಲ್ಲಿ ಎಂಜಿನ್ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ಚಕ್ರದ ಒಂದು ಸುತ್ತಿಗೆ ಸುಮಾರು 2.2 ಮೀಟರ್. ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4000 ಸುತ್ತಿನಲ್ಲಿ ಗಂಟೆಗೆ 98 ಕಿ.ಮೀ. ಕೊಡುತ್ತದೆ. ಅದೇ ಜಾಗಕ್ಕೆ 3000ದಲ್ಲಿ ಗವರ್ನರ್ ತಡೆಯುವ ಡೀಸೆಲ್ ಎಂಜಿನ್ ಬಂದರೆ 73ಕ್ಕೆ ಮುಗಿಯಿತು. ಗುಡ್ಡ ಹತ್ತುವ ಜೀಪಿಗೆ ಅದು ತೊಂದರೆಯಲ್ಲ, ವರವೇ. ಉಪ್ಪಿನಂಗಡಿಯಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ದಿನಾ ಓಡುವವನಿಗೆ ಎಂಜಿನ್ ಸದಾ ಅರಚುತ್ತಿರುತ್ತದೆ.

ಟಾಟಾ ಗಾಡಿಯಾದರೆ ಎಂಜಿನ್ನಿನ ಹೆಸರಿನಲ್ಲೇ ಅರ್ಧ ವಿವರ ಇದೆ. 1986ರಲ್ಲಿ ಬಂದ 407ರ ಒಳಗೆ ಇದ್ದದ್ದು 497 ಎಂಜಿನ್: ನಾಲ್ಕು ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 100 ಮಿ.ಮೀ., ಗುಣಿಸಿದರೆ 2956 ಸಿಸಿ. ದೊಡ್ಡ ಲಾರಿಯ 697ಕ್ಕೆ ಅದೇ ಬೋರಿನ ಆರು ಸಿಲಿಂಡರ್, 128 ಮಿ.ಮೀ. ಸ್ಟ್ರೋಕ್, 5675 ಸಿಸಿ. ಬೋರ್ ಒಂದೇ ಎಂದು ಎಲ್ಲವೂ ಅದಲುಬದಲಾಗದು. ಮಹೀಂದ್ರ ಪಿಕಪ್ಪಿನ 2523 ಸಿಸಿ ಡಿಐ ಎಂಜಿನ್ನಿನ ಅಳತೆ 88.9 ಮತ್ತು 101.6 ಮಿ.ಮೀ.; ಇಂಚಿನಲ್ಲಿ ಸರಿಯಾಗಿ ಮೂರೂವರೆ ಮತ್ತು ನಾಲ್ಕು. ಮಿಲಿಮೀಟರಿನ ಕಾಲದ ಎಂಜಿನ್ನಿಗೆ ಇಂಚಿನ ಅಳತೆ ಎಲ್ಲಿಂದ ಬಂತೆಂದರೆ, ಅದರ ವಂಶ ಇಂಟರ್‌ನ್ಯಾಷನಲ್ ಕಂಪನಿಯ ಬಿ-275 ಟ್ರ್ಯಾಕ್ಟರಿನವರೆಗೆ ಹೋಗುತ್ತದೆ. ಗದ್ದೆ ಉಳುವುದಕ್ಕೆ ಹುಟ್ಟಿದ ಎಂಜಿನ್ ನಮ್ಮ ಗುಡ್ಡಗಳಿಗೆ ಒಗ್ಗಿದ್ದು ಆಶ್ಚರ್ಯವಲ್ಲ.

ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕುವುದಾದರೆ ಹೆಚ್ಚು ತಲೆಬಿಸಿ ಇಲ್ಲ. ಬೇರೆಯದಾದರೆ ಪಟ್ಟಿ ಬೆಳೆಯುತ್ತದೆ. ಗೇರ್‌ಬಾಕ್ಸಿನ ಗಂಟೆಯಾಕಾರದ ಕವಚದ ಬೋಲ್ಟು ತೂತು ಕೂಡಬೇಕು, ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು, ಸಂಪ್ ಮುಂದಿನ ಎಕ್ಸೆಲ್ಲಿಗೆ ತಾಗಬಾರದು. ಎಂಜಿನ್ ಎರಡಿಂಚು ಹಿಂದೆ ಕೂತರೆ ಜಾಯಿಂಟ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಹೆಚ್ಚು ಶಕ್ತಿಯ ಎಂಜಿನ್ನಿಗೆ ಹಳೆ ರೇಡಿಯೇಟರ್ ಸಾಲದು. ಶಿರಾಡಿ ಘಾಟಿಯ ಅರ್ಧದಲ್ಲಿ ಅದು ಗೊತ್ತಾಗುತ್ತದೆ. ಬ್ರೇಕಿಗೆ ವ್ಯಾಕ್ಯೂಮ್ ಕೊಡುವ ಪಂಪು ಹೊಸ ಎಂಜಿನ್ನಿನಲ್ಲಿ ಇದೆಯೇ, ಗಾಡಿ 12 ವೋಲ್ಟಿನದೋ 24ರದೋ ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಬೇಕು.

ಈಗಿನ ಹುಡುಗರಿಗೆ ಕಾಮನ್ ರೈಲ್ ಎಂಜಿನ್ ಕೂರಿಸುವ ಆಸೆ. ಎಳೆತ ಚೆನ್ನಾಗಿದೆ, ಹೊಗೆ ಇಲ್ಲ, ನಿಜ. ಆದರೆ ಎಂಜಿನ್ನಿನ ಜೊತೆ ಕಂಪ್ಯೂಟರ್, ವೈರಿಂಗಿನ ಇಡೀ ಜಡೆ, ಹತ್ತಾರು ಸೆನ್ಸರು, ಕೀಲಿಯ ಲಾಕು ಎಲ್ಲವೂ ಅದೇ ಗಾಡಿಯಿಂದ ಬರಬೇಕು. ಕಡಬದಲ್ಲೋ ಆಲಂಕಾರಿನಲ್ಲೋ ಸ್ಪ್ಯಾನರ್ ಹಿಡಿದು ರಿಪೇರಿಯಾಗುತ್ತಿದ್ದ ಗಾಡಿ ಆಮೇಲೆ ಲ್ಯಾಪ್‌ಟಾಪ್ ಇರುವ ಊರಿಗೆ ಹೋಗಬೇಕಾಗುತ್ತದೆ. ನನ್ನ ಕೇಳಿದರೆ, ತೋಟದ ಗಾಡಿಗೆ ಅದು ಬೇಡ.

ಹಳೆ ಎಂಜಿನ್ ಸಿಗುವುದು ಗುಜರಿಯಲ್ಲಿ. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ ಇದಕ್ಕೆ ಹೆಸರಾದ ಜಾಗಗಳು. ಅಲ್ಲಿಗೆ ಹೋದಾಗ ಮೊದಲ ಕೆಲಸ, ಸ್ಟಾರ್ಟ್ ಮಾಡಿ ತೋರಿಸುವ ಮುನ್ನ ಎಂಜಿನ್ನಿನ ಬ್ಲಾಕ್ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಕಾಯಿಸಿಟ್ಟಿದ್ದಾರೆ. ಬಿಸಿ ಎಂಜಿನ್ ಯಾವುದಾದರೂ ಹತ್ತಿಕೊಳ್ಳುತ್ತದೆ. ಅದು ತಣ್ಣಗಾಗುವ ತನಕ ಊಟ ಮಾಡಿಕೊಂಡು ಬಂದರೆ ನಷ್ಟವಿಲ್ಲ. ಎಂಜಿನ್ ನಂಬರ್ ಕೆತ್ತಿದ ಜಾಗ ಉಜ್ಜಿದಂತೆ, ಮತ್ತೆ ಕುಟ್ಟಿದಂತೆ ಕಂಡರೆ ಬಿಟ್ಟುಬಿಡಿ. ಬಿಲ್ಲು, ಮೂಲ ಗಾಡಿಯ ಆರ್‌ಸಿ ಪ್ರತಿ ಇಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ಕದ್ದ ಮಾಲಾಗಿದ್ದರೆ ಠಾಣೆಯ ಮೆಟ್ಟಿಲು ಹತ್ತುವವರು ನೀವು.

ಕಾಗದಪತ್ರದ ಮಾತು ಗ್ಯಾರೇಜಿನಲ್ಲಿ ಯಾರೂ ಎತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎನ್ನುತ್ತದೆ. ಅದೇ ಮಾದರಿಯ ಎಂಜಿನ್ ಹಾಕುವವರು ಹೆದರಬೇಕಾಗಿಲ್ಲ, ಆದರೆ ಕ್ರಮ ತಪ್ಪಬಾರದು: ಮೊದಲು ನೋಂದಣಿ ಅಧಿಕಾರಿಯ ಅನುಮತಿ, ಆಮೇಲೆ ಕೆಲಸ, ಮುಗಿದ 14 ದಿನದೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸುವುದು. ಕೆಎ-21 ಗಾಡಿಗಳಿಗೆ ಅದು ಪುತ್ತೂರಿನ ಆರ್‌ಟಿಒ ಕಚೇರಿ. ಸಾಲ ಬಾಕಿ ಇದ್ದರೆ ಫೈನಾನ್ಸಿನವರ ಲಿಖಿತ ಒಪ್ಪಿಗೆ ಬೇಕು. ವಿಮಾ ಕಂಪನಿಗೂ ಪತ್ರ ಕೊಡಬೇಕು. ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದು ಎಂಜಿನ್ ನಂಬರನ್ನೇ.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಸರ್ಟಿಫಿಕೇಟ್ (ಎಫ್‌ಸಿ) ಆಗಬೇಕು, ಹದಿನೈದು ದಾಟಿದವುಗಳ ಶುಲ್ಕವನ್ನು ಕೇಂದ್ರ ಸರಕಾರ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿಸಿದೆ. ಹಾಗಾಗಿ ಎಂಜಿನ್ನಿನ ಬೆಲೆಗೆ ಮುಂದಿನ ನಾಲ್ಕೈದು ವರ್ಷದ ಎಫ್‌ಸಿ, ವಿಮೆ, ಟೈರು ಕೂಡಿಸಿ, ಅದೇ ದುಡ್ಡಿಗೆ ಹತ್ತು ವರ್ಷ ಕಿರಿಯದೊಂದು ಗಾಡಿ ಸಿಗುತ್ತದೆಯೇ ಎಂದು ನೋಡುವುದು ಒಳ್ಳೆಯದು. ಮನೆಯ ಹಿರಿಯರು ಕೊಂಡ ಗಾಡಿ, ಮಾರಲು ಮನಸ್ಸಿಲ್ಲ ಎಂದರೆ ಅದು ಬೇರೆ ಲೆಕ್ಕ. ಅದನ್ನು ತಪ್ಪೆನ್ನುವ ಹಕ್ಕು ನನಗಿಲ್ಲ.

ಕೆಲಸವನ್ನು ಅಡಿಕೆ ಕೊಯ್ಲಿಗೆ ಮೊದಲು, ಎಫ್‌ಸಿ ಮುಗಿಯಲು ಒಂದೆರಡು ತಿಂಗಳಿರುವಾಗ ಇಟ್ಟುಕೊಂಡರೆ ಗಡಿಬಿಡಿಯಾಗದು. ಎಂಜಿನ್ ಇಳಿಸಿದ ದಿನವೇ ಟ್ಯಾಂಕನ್ನೂ ಇಳಿಸಿ ತೊಳೆಸಿ, ಟ್ಯಾಂಕಿನಿಂದ ಪಂಪಿನವರೆಗಿನ ಪೈಪು, ಫಿಲ್ಟರು, ಎಲ್ಲ ತಾಮ್ರದ ವಾಶರುಗಳನ್ನು ಹೊಸದು ಹಾಕಿಸಬೇಕು. ಇದನ್ನು ಬಿಟ್ಟವರ ಗಾಡಿ ಹೊಸ ಎಂಜಿನ್ನಿನಲ್ಲೂ ವಾರದೊಳಗೆ ಬೆಳಗ್ಗೆ ಆಫ್ ಆಗುತ್ತದೆ, ಆಗ ಬೈಗುಳ ತಿನ್ನುವುದು ಗುಜರಿಯವನು. ಹಳೆ ಎಂಜಿನ್ನನ್ನು ತೂಕಕ್ಕೆ ಹಾಕುವ ಮೊದಲು ಅದರ ಪಂಪ್, ನಾಝಲ್, ಸೆಲ್ಫ್, ಡೈನಮೋ ಬಿಚ್ಚಿಟ್ಟುಕೊಳ್ಳಿ. ಎಕ್ಸ್‌ಚೇಂಜ್ ಎಂದು ಇಡೀ ಎಂಜಿನ್ ಕೇಳುವವರಿಗೆ ಬೇಕಾದದ್ದು ಹೆಚ್ಚಾಗಿ ಈ ನಾಲ್ಕೇ.